ಹೋಗಲೊಲ್ಲದ ಓಡುಹಕ್ಕಿ

ಒಂದು ಬೇಸಿಗೆ ಪೂರ್ತಿ ನನ್ನ ಬಲಗಿವಿಯ ಹಿಂದೆ ಒಂದು ಹಕ್ಕಿ ಇತ್ತು. ಅದು ಅಲ್ಲಿ ಕೂತಿರಲಿಲ್ಲ, ಹಾಡುತ್ತಲೂ ಇರಲಿಲ್ಲ. ಅದಕ್ಕೆ ಹಸಿವಾದರೆ ನನ್ನ ಹೊಟ್ಟೆ ಚುರ್ ಅನ್ನುತ್ತಿತ್ತು, ಅದು ಹೆದರಿದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಕೇಳಿದವರು ಮಂಕಾಳಜ್ಜಿಗೆ ಮತ್ತೆ ಸುಳ್ಳಿನ ಜ್ವರ ಏರಿತು ಅನ್ನುತ್ತಾರೆ. ಅನ್ನಲಿ. ನಾನು ಹೇಳುವ ಹತ್ತು ಮಾತಿನಲ್ಲಿ ಒಂಬತ್ತಕ್ಕೆ ಬಣ್ಣ ಬಳಿದಿರುತ್ತದೆ ಎಂದು ಅಘನಾಶಿನಿಯ ಎರಡೂ ದಂಡೆಗೆ ಗೊತ್ತು. ಇದು ಆ ಹತ್ತನೆಯದು.

ನನ್ನ ಓದು ಎರಡನೇ ಇಯತ್ತೆ. ಮೂರನೆಯದಕ್ಕೆ ಹೊರಟ ದಿನ ಹೊಳೆಯಲ್ಲಿ ಇಳಿತ ಇತ್ತು, ನೀರು ಸರಿದು ರಾಡಿ ತೆರೆದಿತ್ತು, ಅಬ್ಬೆ ಕೈಗೆ ಪಾಟಿ ಕೊಡುವ ಬದಲು ಬುಟ್ಟಿ ಕೊಟ್ಟಳು. ಅಲ್ಲಿಂದ ಅರವತ್ತು ವರ್ಷ ರಾಡಿಯಲ್ಲಿ ಬಳಚು ಹೆಕ್ಕಿದ್ದೇ ಕೆಲಸ. ಬಳಚು ಅಂದರೆ ಕೆಸರಿನಡಿ ಅಡಗಿ ಕೂರುವ ಎರಡು ಚಿಪ್ಪಿನ ಜೀವ. ನಾನು ಹೆಕ್ಕಿದ ಚಿಪ್ಪನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರೆ ಯಾಣದ ಬಂಡೆ ನಾಚಿ ಕೂತುಬಿಡುತ್ತಿತ್ತು. ನನ್ನ ಗಂಡ ತಿಮ್ಮಪ್ಪ ಹೊಳೆಯಲ್ಲಿ ದೋಣಿ ದಾಟಿಸುತ್ತಿದ್ದರು. ಈ ದಡದಿಂದ ಆ ದಡಕ್ಕೆ ನಲವತ್ತು ವರ್ಷ ಹುಟ್ಟು ಹಾಕಿದರು. ಕೂಡಿಸಿದರೆ ಭೂಮಿಯನ್ನು ಹತ್ತು ಸುತ್ತು ಸುತ್ತಿದ್ದಾರೆ, ಆದರೆ ಕುಮಟೆಯ ಪೇಟೆಯನ್ನೂ ಸರಿಯಾಗಿ ನೋಡಿದವರಲ್ಲ. ನಾನೂ ಎಲ್ಲಿಗೂ ಹೋದವಳಲ್ಲ. ಹೋಗುವವರನ್ನು ಗೇಲಿ ಮಾಡುವುದೇ ನನ್ನ ತೀರ್ಥಯಾತ್ರೆ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿರುವುದು ನಾನು ಮತ್ತು ಅವರ ತಂಗಿ ಬೀರಮ್ಮ. ಅವಳಿಗೂ ಗಂಡನಿಲ್ಲ. ಜಗಳವಾಡದೆ ನಮಗಿಬ್ಬರಿಗೂ ಗಂಜಿ ಇಳಿಯುವುದಿಲ್ಲ.

ಆ ವರ್ಷ ಉಪ್ಪಿನ ಆಗರದ ಪಕ್ಕದ ಹಳೇ ಗೋದಾಮಿಗೆ ಸುಣ್ಣ ಹೊಡೆದು, ಮಾಡಿನ ಮೇಲೆ ತೆಂಗಿನ ಮರದಷ್ಟು ಎತ್ತರದ ಕಂಬ ನೆಟ್ಟು, ಅದಕ್ಕೆ ಹಕ್ಕಿ ಕೇಂದ್ರ ಎಂದು ಹೆಸರಿಟ್ಟರು. ನಡೆಸಲು ಧಾರವಾಡದಿಂದ ಬಂದವಳು ಸೌದಾಮಿನಿ ಹಂಚಿನಮನಿ. ಮೂವತ್ತರ ಹುಡುಗಿ, ಎಷ್ಟು ಸಪೂರ ಎಂದರೆ ಸಂಜೆಯ ಗಾಳಿಗೆ ಅವಳನ್ನೂ ಆ ಕಂಬಕ್ಕೆ ಕಟ್ಟಿ ಹಾಕಬೇಕು. ನಮ್ಮ ಕಡೆ ಕಲಿತ ಹೆಂಗಸಿಗೆ ಅಕ್ಕೋರು ಅನ್ನುತ್ತೇವೆ. ನಾನೂ ಅಕ್ಕೋರೇ ಎಂದು ಕರೆದೆ. ಮೊಮ್ಮಗಳ ವಯಸ್ಸಿನವಳು ನಾಚಿ ಕೆಂಪಾದಳು. ಅವತ್ತಿನಿಂದ ಬೇಕೆಂದೇ ಹಾಗೆ ಕರೆಯುತ್ತಿದ್ದೆ.

ಚಳಿಗಾಲದಲ್ಲಿ ನಮ್ಮ ರಾಡಿಗೆ ಸಾವಿರಗಟ್ಟಲೆ ಹಕ್ಕಿ ಬರುತ್ತವೆ. ಅವುಗಳಲ್ಲಿ ಒಂದು ಜಾತಿ ಮುಷ್ಟಿಗಾತ್ರದ್ದು, ಬೂದು ಮೈ. ನಾಲ್ಕು ಹೆಜ್ಜೆ ಓಡುತ್ತದೆ, ನಿಂತು ದಿಟ್ಟಿಸುತ್ತದೆ, ಮತ್ತೆ ಓಡುತ್ತದೆ. ನಾವು ಓಡುಹಕ್ಕಿ ಅನ್ನುತ್ತೇವೆ. ಬೇಸಿಗೆ ಏರುವ ಹೊತ್ತಿಗೆ ಅದರ ಎದೆಗೆ ಇಟ್ಟಿಗೆಯ ಬಣ್ಣ ಬರುತ್ತದೆ, ಒಂದು ದಿನ ಎದ್ದು ಹೋಗುತ್ತದೆ. ಹಿಮದ ಬೆಟ್ಟ ದಾಟಿ ಆಚೆ ಮೊಟ್ಟೆ ಇಟ್ಟು ಮಳೆಗಾಲದ ಕೊನೆಗೆ ತಿರುಗಿ ಬರುತ್ತದಂತೆ. ದಾರಿ ತೋರಿಸುವವರಿಲ್ಲ, ನಕ್ಷೆಯಿಲ್ಲ, ಹಾಗಿದ್ದರೂ ಹೇಗೆ ತಿಳಿಯುತ್ತದೆ? ಅದನ್ನು ಹೊರಗಿನಿಂದ ನೋಡಿ ಸಾಕಾಯಿತು, ಒಳಗಿನಿಂದಲೇ ತಿಳಿದರೆ ಹೇಗೆ ಎಂಬುದು ಸೌದಾಮಿನಿಯ ಯೋಚನೆ.

ಹಕ್ಕಿಯ ಬೆನ್ನಿಗೆ ಎರಡು ಭತ್ತದ ಕಾಳಿನಷ್ಟು ತೂಕದ ಒಂದು ಬಿಲ್ಲೆ ಅಂಟಿಸುತ್ತಾರೆ. ಅದು ಹಕ್ಕಿಯ ತಲೆಯೊಳಗಿನ ಮಿಡಿತ ಹಿಡಿದು ಗೋದಾಮಿನ ಕಂಬಕ್ಕೆ ಕಳಿಸುತ್ತದೆ. ಕಂಬ ಅದನ್ನು ನಮ್ಮ ಕಿವಿಯ ಹಿಂದಿನ ಎಲುಬಿಗೆ ಅಂಟಿಸಿದ ಮಣಿಗೆ ದಾಟಿಸುತ್ತದೆ. ಚಿತ್ರ ಕಾಣುವುದಿಲ್ಲ, ಮಾತು ಕೇಳುವುದಿಲ್ಲ. ಹಸಿವು, ಹೆದರಿಕೆ, ಸಮಾಧಾನ, ಸೆಳೆತ, ಇಷ್ಟೇ. ಮೊದಲು ಪಟ್ಟಣದ ಕಾಲೇಜಿನವರಿಗೆ ಅಂಟಿಸಿ ನೋಡಿದರಂತೆ. ಅವರ ತಲೆಯೊಳಗೇ ಅಷ್ಟು ದೊಡ್ಡ ಸಂತೆ ನೆರೆದಿತ್ತು, ಹಕ್ಕಿಯ ಸದ್ದು ಸಿಕ್ಕಲೇ ಇಲ್ಲ. ಆಗ ನಮ್ಮನ್ನು ಹುಡುಕಿಕೊಂಡು ಬಂದರು. ಯಾಕೆಂದರೆ ಬಳಚು ಹೆಕ್ಕುವವಳು ಕಣ್ಣಿಂದ ಹೆಕ್ಕುವುದಿಲ್ಲ, ಕಾಲಿಂದ ಹೆಕ್ಕುತ್ತಾಳೆ. ಮೊಣಕಾಲಿನ ನೀರಿನಲ್ಲಿ ನಿಂತು ಹೆಬ್ಬೆರಳಿಂದ ಕೆಸರು ಓದುತ್ತಾಳೆ. ಒಂದು ಬಳಚು ತಾಗಿತೋ, ಅಲ್ಲಿ ಹಾಸಿಗೆಯೇ ಇದೆ ಎಂದು ಲೆಕ್ಕ. ಆ ಕಾಲನ್ನು ಊರಿಕೊಂಡು ಇನ್ನೊಂದು ಕಾಲನ್ನು ಸುತ್ತ ಆಡಿಸಬೇಕು. ಕಂಡ ಕಾಲು ಕೀಳಬಾರದು ಎಂದು ನನ್ನ ಅತ್ತೆ ಕಲಿಸಿದ್ದಳು. ಕಿತ್ತರೆ ನೀರು ಮುಚ್ಚಿಕೊಳ್ಳುತ್ತದೆ, ಅದೇ ಜಾಗ ಮತ್ತೆ ಸಿಗುವುದಿಲ್ಲ.

ನಮ್ಮಲ್ಲಿ ಏಳು ಹೆಂಗಸರಿಗೆ ಮಣಿ ಸಿಕ್ಕಿತು, ಒಬ್ಬೊಬ್ಬರಿಗೆ ಒಂದೊಂದು ಹಕ್ಕಿ. ಕೇಂದ್ರದ ಮೆತ್ತನೆಯ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಈಗ ಹಸಿವು, ಈಗ ಗಿಡುಗನ ಹೆದರಿಕೆ ಎಂದು ಹೇಳಬೇಕು. ಅಕ್ಕೋರು ಪರದೆಯಲ್ಲಿ ತಾಳೆ ನೋಡುತ್ತಿದ್ದಳು. ನೂರಕ್ಕೆ ಎಂಬತ್ತು ನನ್ನದು ಸರಿ. ಊರಲ್ಲಿ ಹೇಳುವಾಗ ನೂರಾ ಹತ್ತು ಎಂದೆ. ಮಣಿ ತೆಗೆದು ಹಾಕಲು ಬರುತ್ತಿತ್ತು. ಹೊಳೆಗೆ ಇಳಿಯುವ ಮೊದಲು ತೆಗೆಯಲೇಬೇಕು ಎಂಬುದೊಂದೇ ಕಟ್ಟಪ್ಪಣೆ. ಯಾಕೆ ಎಂದರೆ ಉಪ್ಪುನೀರು ಎಂದಳು. ಉಪ್ಪುನೀರಿಗೆ ನನ್ನ ಬಳಿ ಮದ್ದಿತ್ತು. ಹಾಲಿನ ಪ್ಯಾಕೆಟ್ಟು ಕತ್ತರಿಸಿ, ಮಣಿಯ ಮೇಲೆ ಸುತ್ತಿ, ಮೇಲಿಂದ ತಲೆವಸ್ತ್ರ ಬಿಗಿದು ಇಳಿದೆ. ನೀರೇ ತಾಗದ ಮೇಲೆ ಅಪ್ಪಣೆ ಮೀರಿದ ಹಾಗೆ ಹೇಗಾಗುತ್ತದೆ?

ನನ್ನ ಹಕ್ಕಿಗೆ ಅತ್ತೆ ಎಂದು ಹೆಸರಿಟ್ಟೆ. ಹೆಣ್ಣು ಹಕ್ಕಿ, ನಾಲ್ಕು ವರ್ಷದಿಂದ ತಪ್ಪದೆ ಹೋಗಿ ಬರುವುದು ಎಂದು ಹಿಂದೆ ಹಕ್ಕಿ ನೋಡುವವರು ತೊಡಿಸಿದ್ದ ಕಾಲಿನ ಬಳೆಯಿಂದ ತಿಳಿದಿತ್ತು. ನನ್ನ ಅತ್ತೆಯೂ ಹೀಗೆಯೇ. ಅಡಿಗೆಮನೆಗೆ ನಾಲ್ಕು ಹೆಜ್ಜೆ ಓಡಿ ಬಂದು, ನಿಂತು, ನನ್ನನ್ನು ದಿಟ್ಟಿಸಿ, ಮತ್ತೆ ಓಡುತ್ತಿದ್ದಳು. ಬೀರಮ್ಮ ಅವಳ ಮಗಳಲ್ಲವೇ, ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೇ ದಿನ ತಡೆಯಲಾರದೆ, ಅತ್ತೆಗೆ ಈಗ ಹೊಟ್ಟೆ ತುಂಬಿತೋ ಎಂದು ಅವಳೇ ಕೇಳಿದಳು.

ಶಿವರಾತ್ರಿ ಕಳೆದ ಮೇಲೆ ಸೆಳೆತ ಶುರುವಾಯಿತು. ಬಾವಿಗೆ ಇಳಿಸಿದ ಕೊಡ ತುಂಬಿದಾಗ ಹಗ್ಗ ಕೈಯನ್ನು ಎಳೆಯುತ್ತದಲ್ಲ, ಹಾಗೆ. ಕೆಳಕ್ಕಲ್ಲ, ಉತ್ತರಕ್ಕೆ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ, ಹಕ್ಕಿಗೆ ಅದು ಗೊತ್ತಾಗುತ್ತದೆ ಎಂದು ಅಕ್ಕೋರು ಹೇಳಿದಳು. ನನಗೂ ಗೊತ್ತಾಯಿತು. ಮಧ್ಯಾಹ್ನ ಉಂಡು ಜಗಲಿಯಲ್ಲಿ ಅಡ್ಡಾದರೆ ಪೂರ್ವಕ್ಕಿದ್ದ ತಲೆ ತಾನಾಗಿ ತಿರುಗಿ ಉತ್ತರಕ್ಕೆ ಬರುತ್ತಿತ್ತು. ಉತ್ತರಕ್ಕೆ ತಲೆ ಇಡುವುದು ಹೆಣಕ್ಕೆ ಮಾತ್ರ. ಬೀರಮ್ಮ ಹೌಹಾರಿ ನನ್ನ ಕಾಲು ಹಿಡಿದು ದೋಣಿ ತಿರುಗಿಸಿದ ಹಾಗೆ ತಿರುಗಿಸುತ್ತಿದ್ದಳು. ಒಂದು ಗಳಿಗೆ ಬಿಟ್ಟು ನೋಡಿದರೆ ಮತ್ತೆ ಉತ್ತರ. ಒಂದೇ ಮಧ್ಯಾಹ್ನ ಹದಿನೇಳು ಸಲ ತಿರುಗಿಸಿದಳು. ಎರಡು ಸಲ ಎಂದು ಅವಳ ವಾದ.

ಮಜ ಇದ್ದದ್ದು ರಾಡಿಯಲ್ಲಿ. ಅಲ್ಲಿ ಅತ್ತೆ ಕೊಕ್ಕು ಚುಚ್ಚುತ್ತಾಳೆ, ಇಲ್ಲಿ ನಾನು ಹೆಬ್ಬೆರಳು ಚುಚ್ಚುತ್ತೇನೆ. ಅವಳಿಗೆ ಹುಳ ಸಿಕ್ಕಿದರೆ ನನ್ನ ನಾಲಿಗೆಯಲ್ಲಿ ನೀರು. ನನಗೆ ಬಳಚಿನ ಹಾಸಿಗೆ ಸಿಕ್ಕಿದರೆ ನಾನು ಕಾಲೂರಿ ಆಹಾ ಎಂದು ನಿಲ್ಲುತ್ತಿದ್ದೆ. ಆ ಸುಖ ಬಳಚು ಹೆಕ್ಕಿದವರಿಗೇ ಗೊತ್ತು. ಇಲ್ಲಿದೆ, ಇನ್ನೆಲ್ಲಿಗೂ ಹೋಗಬೇಕಾಗಿಲ್ಲ ಎಂದು ಅಂಗಾಲಿನಿಂದ ನೆತ್ತಿಯ ತನಕ ಏರುವ ಸುಖ ಅದು.

ಏಪ್ರಿಲ್ ಕೊನೆಯ ವಾರ ಓಡುಹಕ್ಕಿಗಳು ಹೊರಟವು. ಆರು ಹೆಂಗಸರು ಒಬ್ಬೊಬ್ಬರಾಗಿ ಮಣಿ ಬಿಚ್ಚಿಕೊಟ್ಟು ಬಂದರು. ನಮ್ಮ ಕಂಬಕ್ಕೆ ಕೇಳುವುದು ಹದಿನೈದು ಮೈಲು ಮಾತ್ರ, ಆಮೇಲೆ ಮಣಿ ಮೂಕ. ಎಲ್ಲರೂ ಮಗಳನ್ನು ಗಂಡನ ಮನೆಗೆ ಕಳಿಸಿದವರ ಹಾಗೆ ಮೂಗು ಒರೆಸಿಕೊಳ್ಳುತ್ತಿದ್ದರು. ನಾನು ಅವರನ್ನು ಹಂಗಿಸಿದೆ. ನನ್ನ ಅತ್ತೆ ಹೋಗಿರಲಿಲ್ಲ.

ಮೇ ಹತ್ತು ದಾಟಿತು. ಖಾಲಿ ರಾಡಿಯಲ್ಲಿ ಅದೊಂದೇ ಓಡುತ್ತಿತ್ತು, ನಿಲ್ಲುತ್ತಿತ್ತು. ಎದೆಗೆ ಬಣ್ಣ ಬಂದಾಗಿತ್ತು, ದಾರಿಗೆ ಬೇಕಾದ ಕೊಬ್ಬು ಸೇರಿ ಮೈ ಉಂಡೆಯಾಗಿತ್ತು. ಕೇಂದ್ರದ ಪರದೆಯಲ್ಲಿ ಒಂದೇ ಒಂದು ಹಸಿರು ಚುಕ್ಕೆ. ಸೌದಾಮಿನಿ ಊಟ ಬಿಟ್ಟು ಅದನ್ನೇ ನೋಡುತ್ತಿದ್ದಳು. ಮೊದಲು ಬಿಲ್ಲೆ ಕೆಟ್ಟಿದೆ ಎಂದುಕೊಂಡಳು, ಆಮೇಲೆ ಹಕ್ಕಿಗೆ ಕಾಯಿಲೆ ಎಂದುಕೊಂಡಳು. ಮರಿಹಕ್ಕಿಗಳು ಕೆಲವು ಉಳಿಯುವುದುಂಟು, ನಾಲ್ಕು ಸಲ ಹೋಗಿ ಬಂದದ್ದು ಹೀಗೆ ನಿಲ್ಲುವುದಿಲ್ಲ ಎಂದಳು. ಇನ್ನು ಮೂರು ವಾರಕ್ಕೆ ಮಳೆ. ಮಳೆ ಹಿಡಿದರೆ ಹೊಳೆ ಕೆಂಪಾಗಿ ಉಕ್ಕಿ ರಾಡಿ ಮುಚ್ಚುತ್ತದೆ, ಮೇವಿಲ್ಲ, ಜೊತೆಯಿಲ್ಲ, ಹದ್ದುಗಳಿಗೆ ಇದೊಂದೇ ಗುರಿ. ಅತ್ತ ಬೆಟ್ಟದಾಚೆ ಬೇಸಿಗೆ ಇರುವುದೇ ಗೇಣುದ್ದ. ತಡವಾದರೆ ಮೊಟ್ಟೆಯೂ ಇಲ್ಲ.

ಕಾರಣ ಹಿಡಿದುಕೊಟ್ಟವಳು ಬೀರಮ್ಮ. ನನಗೆ ಗಂಜಿ ತಂದವಳು ಸುಮ್ಮನೆ ಹೋಗುತ್ತಾಳೆಯೇ? ಅಕ್ಕೋರ ಮುಂದೆ ನನ್ನ ಚಾಡಿ ಶುರು ಮಾಡಿದಳು. ಈ ಮಣಿ ಅಂಟಿಸಿಕೊಂಡು ಅತ್ತಿಗೆ ಉತ್ತರಕ್ಕೆ ತಲೆಯಿಟ್ಟು ಮಲಗುತ್ತಿದ್ದಳು, ದೇವರ ದಯೆ, ಈಗ ಬಿಟ್ಟಿದ್ದಾಳೆ ಎಂದಳು. ಸೌದಾಮಿನಿ ಕುರ್ಚಿ ತಿರುಗಿಸಿ ಯಾವತ್ತಿನಿಂದ ಎಂದು ಕೇಳಿದಳು.

"ರಾಮನವಮಿ ಪಾನಕ ಕುಡಿದ್ರಲ್ಲ, ಅದ್ರ ಮರುದಿನದಿಂದ. ನಂಗೆ ನೆನ್ಪಿದೆ. ಅವತ್ತೇ ನಾ ತೆಂಗಿನಕಾಯಿ ಒಡೆದೆ."

ಸೌದಾಮಿನಿ ಪರದೆಯಲ್ಲಿ ಗೆರೆಗಳನ್ನು ಹಿಂದಕ್ಕೆ ಎಳೆದಳು. ಹಕ್ಕಿಯ ಸೆಳೆತದ ಗೆರೆ ಬೆಟ್ಟದ ಹಾಗೆ ಏರಿ ಏರಿ, ಆಮೇಲೆ ಇಳಿಯುತ್ತ ಬಂದು, ಸರಿಯಾಗಿ ಅದೇ ದಿನ ಗದ್ದೆಯ ಹಾಗೆ ಚಪ್ಪಟೆಯಾಗಿತ್ತು. ಪಕ್ಕದ ಪರದೆಯಲ್ಲಿ ಇಳಿತದ ಹೊತ್ತುಗಳಿದ್ದವು. ಒಂದೊಂದು ಇಳಿತಕ್ಕೂ ಆ ಗೆರೆ ಒಂದೊಂದು ಮೆಟ್ಟಿಲು ಇಳಿದಿತ್ತು. ಅವಳು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದಳು.

"ಅಜ್ಜಿ, ಖರೇ ಹೇಳ್ರಿ. ಹೊಳ್ಯಾಗ ಇಳಿಯುವಾಗ ಮಣಿ ತಗೀತಿದ್ರೋ ಇಲ್ಲೋ?"

ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ, ಅವತ್ತು ಕೈಗೆ ಸಿಗಲಿಲ್ಲ.

"ಇಲ್ಲ ಅಕ್ಕೋರೆ. ಪ್ಲಾಸ್ಟಿಕ್ ಸುತ್ಕಂಡಿ ಇಳೀತಿದ್ದೆ. ಒಂದ್ ಹನಿ ನೀರು ತಾಗ್ಲಿಲ್ಲ."

"ನೀರಲ್ರಿ. ಈ ಕಾಣದ ತಂತಿ ಎರಡೂ ಕಡೆ ಹರೀತೈತಿ. ನನಗೇ ಗೊತ್ತಿರಲಿಲ್ಲ."

ಹಕ್ಕಿಯಿಂದ ನಮಗೆ ಬರುವ ಹಾಗೆ ಮಾತ್ರ ಅವಳು ಮಾಡಿದ್ದು. ನಮ್ಮಿಂದ ಹಕ್ಕಿಗೂ ಹೋಗಬಹುದು ಎಂದು ಯಾರೂ ನೋಡಿರಲಿಲ್ಲ. ಕುರ್ಚಿಯಲ್ಲಿ ಕೂತವರಿಗೆ ಅಂಥ ದೊಡ್ಡ ಸುಖವೋ ದುಃಖವೋ ಆಗುವುದೂ ಇಲ್ಲ, ಹೋಗುವಂಥದ್ದು ಏನೂ ಇರಲಿಲ್ಲ. ನಾನು ದಿನಾ ನಾಲ್ಕು ತಾಸು ರಾಡಿಯಲ್ಲಿ ಕಾಲೂರಿ, ಇಲ್ಲಿದೆ, ಇನ್ನೆಲ್ಲಿಗೂ ಹೋಗಬೇಕಾಗಿಲ್ಲ ಎಂದು ಮುಷ್ಟಿಯಷ್ಟು ಹಕ್ಕಿಯ ತಲೆಗೆ ಹೊಯ್ದಿದ್ದೆ. ಆರು ಹೆಂಗಸರು ಅಪ್ಪಣೆ ಪಾಲಿಸಿದರು, ಅವರ ಹಕ್ಕಿಗಳು ಹೋದವು. ನಾನು ಮಾತ್ರ ಜಾಣೆ.

ಮಣಿ ತೆಗೆದಿಟ್ಟೆವು. ಹತ್ತು ದಿನ ಕಾದೆವು. ಅತ್ತೆ ಕದಲಲಿಲ್ಲ, ಇಲ್ಲೇ ಇರುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಬಲೆ ಹಾಕಿ ಹಿಡಿದು ಬೆಟ್ಟಕ್ಕೆ ಒಯ್ಯೋಣವೇ ಎಂದೆ. ಪೆಟ್ಟಿಗೆಯಲ್ಲಿ ಒಯ್ದರೆ ಬದುಕುವುದಿಲ್ಲ ಎಂದು ಸೌದಾಮಿನಿ ತಲೆಯಾಡಿಸಿದಳು. ಉಳಿದದ್ದು ಒಂದೇ ದಾರಿ. ಇರು ಎಂದು ಕಲಿಸಿದ ತಂತಿಯಲ್ಲೇ ಹೋಗು ಎಂದೂ ಕಲಿಸಬೇಕು.

ಮತ್ತೆ ಮಣಿ ಅಂಟಿಸಿಕೊಂಡು ಕುರ್ಚಿಯಲ್ಲಿ ಕೂತೆ. ಹೋಗು ಹೋಗು ಎಂದು ಮನಸ್ಸಿನಲ್ಲೇ ಸಾವಿರ ಸಲ ಜಪ ಮಾಡಿದೆ. ಗೆರೆ ಅಲ್ಲಾಡಲಿಲ್ಲ. ರೈಲು ಹತ್ತಿ ಕಾಶಿಗೆ ಹೊರಟ ಹಾಗೆ ನಟಿಸಿದೆ. ಊರಿಗೆ ಊರನ್ನೇ ನಂಬಿಸುವ ನಟನೆ ನನ್ನದು, ಹಕ್ಕಿ ಮಾತ್ರ ನಂಬಲಿಲ್ಲ. ಹುಳ ಹೆಕ್ಕುತ್ತಲೇ ಇತ್ತು. ಮಾತು ಹೋಗುವುದಿಲ್ಲ, ಖರೇ ಬಯಕೆ ಮಾತ್ರ ಹೋಗುತ್ತದೆ ಎಂದಳು ಸೌದಾಮಿನಿ. ನಿಮಗೆ ಇಲ್ಲಿಲ್ಲದ್ದು ಏನು ಬೇಕು ಎಂದು ಕೇಳಿದಳು. ಯೋಚಿಸಿದೆ. ಏನೂ ಬೇಡವಾಗಿತ್ತು. ಹಾಗೆ ಇರುವುದು ದೊಡ್ಡ ಪುಣ್ಯ ಎಂದು ಅಷ್ಟು ದಿನ ತಿಳಿದಿದ್ದೆ.

ಬೇಸರಕ್ಕೆ ಅವಳು ಪರದೆಯಲ್ಲಿ ನಕ್ಷೆ ತೆಗೆದಳು. ಮೊನ್ನೆ ಹೋದ ಆರು ಹಕ್ಕಿಗಳ ದಾರಿ ಅದು, ಅತ್ತೆ ವರ್ಷವೂ ಹೋಗುವುದೂ ಅದೇ ದಾರಿಯಂತೆ. ನಮ್ಮ ಹೊಳೆಯಿಂದ ಒಂದು ಕೆಂಪು ಗೆರೆ ಹೊರಟು, ಹಕ್ಕಿ ಹಾದದ್ದನ್ನಷ್ಟೇ ಗುರುತಿಸುವ ದಾರಿಯ ಕಂಬದಿಂದ ಕಂಬಕ್ಕೆ ದಾಟಿ, ಬೆಟ್ಟದ ಬುಡದಲ್ಲಿ ನಿಂತುಬಿಟ್ಟಿತ್ತು.

"ಆಮೇಲೆ?" ಎಂದೆ.

"ಅದರಾಚೆ ಕಂಬ ಇಲ್ರಿ."

ಅಲ್ಲಿ ಅದು ಎಲ್ಲಿ ಮಲಗುತ್ತದೆ ಎಂದು ಕೇಳಿದೆ. ಗೊತ್ತಿಲ್ಲ. ಗಂಡ ಯಾರು, ವರ್ಷವೂ ಒಬ್ಬನೆಯೋ, ಬೇರೆ ಬೇರೆಯೋ? ಗೊತ್ತಿಲ್ಲ. ಅಲ್ಲಿ ರಾಡಿ ಇದೆಯೋ, ಇಲ್ಲದಿದ್ದರೆ ಕಾಲು ಎಲ್ಲಿ ಇಡುತ್ತದೆ? ಆ ಜಾತಿಯವು ಕಲ್ಲುನೆಲದಲ್ಲಿ ಮೊಟ್ಟೆ ಇಡುತ್ತವೆ ಎಂದು ಪುಸ್ತಕದಲ್ಲಿದೆ, ಆದರೆ ಈ ಹಕ್ಕಿಯ ಮನೆಯನ್ನು ಯಾರೂ ಕಂಡಿಲ್ಲ ಎಂದಳು.

ನನಗೆ ಮೈಯೆಲ್ಲ ತುರಿಸಿದ ಹಾಗಾಯಿತು. ನಮ್ಮೂರಿನ ಯಾವ ಒಲೆಯ ಮೇಲೆ ಯಾವ ಪಲ್ಯ ಬೇಯುತ್ತಿದೆ ಎಂದು ಮನೆಯಲ್ಲಿ ಕೂತೇ ಹೇಳುವವಳು ನಾನು. ಮೂರು ತಿಂಗಳು ನನ್ನ ಕಿವಿಯ ಹಿಂದೆ ಸಂಸಾರ ಮಾಡಿದವಳಿಗೆ ಬೆಟ್ಟದಾಚೆ ಇನ್ನೊಂದು ಮನೆಯಿದೆ, ಆ ಮನೆಯ ಬಾಗಿಲು ಯಾವ ದಿಕ್ಕಿಗೆ ಎಂದು ಲೋಕದಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅವತ್ತು ಗಂಜಿ ಸೇರಲಿಲ್ಲ. ಬೀರಮ್ಮ ಜಗಳ ತೆಗೆದರೂ ಆಡಲಿಲ್ಲ.

ಎರಡು ದಿನ ಬಿಟ್ಟು ಅಮಾವಾಸ್ಯೆ. ಅಮಾವಾಸ್ಯೆಯ ಇಳಿತ ದೊಡ್ಡದು, ರಾಡಿ ಮೈಲುಗಟ್ಟಲೆ ಬಿಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಮಣಿ ಅಂಟಿಸಿಕೊಂಡು, ಈ ಸಲ ಅಕ್ಕೋರಿಗೆ ಹೇಳಿಯೇ, ಇಳಿದೆ. ಅವಳು ದಂಡೆಯಲ್ಲಿ ಸಣ್ಣ ಪರದೆ ಹಿಡಿದು ನಿಂತಳು. ಮುಗಿಲಿನ ಅಂಚು ಆಗಲೇ ಕಪ್ಪಾಗಿತ್ತು, ತೆಂಕಣ ಗಾಳಿ ಬೀಸುತ್ತಿತ್ತು. ಅತ್ತೆ ನನ್ನಿಂದ ಐವತ್ತು ಮಾರು ದೂರದಲ್ಲಿ ಓಡುತ್ತಿದ್ದಳು.

ಹತ್ತು ಹೆಜ್ಜೆಗೆ ನನ್ನ ಹೆಬ್ಬೆರಳಿಗೆ ಬಳಚು ತಾಗಿತು. ಒಂದಲ್ಲ, ಹಾಸಿಗೆ. ಇಷ್ಟು ದಪ್ಪನೆಯ ಹಾಸಿಗೆ ಹತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ. ಅಂಗಾಲಿನಿಂದ ಆ ಹಳೇ ಸುಖ ಏರಲು ಶುರುವಾಯಿತು. ಅಲ್ಲಿ ಹಕ್ಕಿಯೂ ನಿಂತು ಮೈ ಕೊಡವಿ ಸುಖವಾಗಿ ಕೂತದ್ದು ಎಲುಬಿಗೆ ತಿಳಿಯಿತು. ಹೀಗೆಯೇ ಅಲ್ಲವೇ ನಾನು ಇದನ್ನು ಕೊಲ್ಲುತ್ತಿರುವುದು ಎನಿಸಿತು.

ಕಾಲು ಕಿತ್ತೆ.

ನೀರು ಮುಚ್ಚಿಕೊಂಡಿತು. ಹಿಂದೆ ನೋಡಲಿಲ್ಲ. ಉತ್ತರಕ್ಕೆ ನಡೆದೆ. ಆ ಗುಡ್ಡದಾಚೆ ಏನಿದೆ? ಅಂಕೋಲೆ ಎಂದು ಕೇಳಿ ಗೊತ್ತು. ಅದರಾಚೆ? ಅದರಾಚೆಗೂ ಆಚೆ? ಆ ಕಲ್ಲುನೆಲ ತಣ್ಣಗಿರುತ್ತದೋ? ಅಲ್ಲಿಯ ನೀರಿಗೆ ಉಪ್ಪಿದೆಯೋ? ಅಲ್ಲಿಯ ಹೆಂಗಸರು ಏನು ಹೆಕ್ಕುತ್ತಾರೆ? ಒಂದೊಂದು ಪ್ರಶ್ನೆಗೆ ಒಂದೊಂದು ಹೆಜ್ಜೆ. ಬುಟ್ಟಿ ಯಾವಾಗ ಕೈ ಬಿಟ್ಟಿತೋ ತಿಳಿಯದು. ನಡೆಯುತ್ತ ನಡೆಯುತ್ತ ಎದೆಯೊಳಗೆ ಹಗ್ಗ ಬಿಗಿಯಿತು. ಅದು ಅವಳದೋ, ನನ್ನದೋ, ಇವತ್ತಿಗೂ ಹೇಳಲಾರೆ. ಎಪ್ಪತ್ತು ವರ್ಷದಲ್ಲಿ ಮೊದಲ ಸಲ ನನಗೆ ನಾನು ನಿಂತ ಜಾಗ ಸಾಲದಾಯಿತು.

ಹಿಂದಿನಿಂದ ಸೌದಾಮಿನಿ ಏನೋ ಕೂಗಿದಳು. ಅಷ್ಟರಲ್ಲಿ ನನ್ನ ಕಾಲಡಿಯ ತೂಕ ಹೋಯಿತು. ನಾನು ಕೆಸರಿನಲ್ಲೇ ನಿಂತಿದ್ದೆ, ನಿಜ; ಆದರೆ ಕಂಕುಳಡಿಗೆ ಗಾಳಿ ನುಗ್ಗಿತು, ಹೊಳೆ ಚಾಪೆ ಎಳೆದ ಹಾಗೆ ಕೆಳಗಿನಿಂದ ಸರಿದುಹೋಯಿತು. ತಲೆಯೆತ್ತಿ ನೋಡಿದರೆ ಇಟ್ಟಿಗೆ ಬಣ್ಣದ ಒಂದು ಚುಕ್ಕೆ ತಾಳೆಮರದ ಮೇಲಿಂದ, ಗುಡ್ಡದ ಮೇಲಿಂದ ಹೋಗುತ್ತಿತ್ತು. ಕಣ್ಣಿಗೆ ಅದು ಕಾಣದಾದ ಮೇಲೂ ಮಣಿಯಲ್ಲಿ ಇತ್ತು. ಅರ್ಧ ತಾಸಿನ ಮೇಲೆ ಮಣಿಯಲ್ಲೂ ಇಲ್ಲವಾಯಿತು.

ನನಗೆ ಎಚ್ಚರವಾದಾಗ ನೀರು ಸೊಂಟಕ್ಕೆ ಬಂದಿತ್ತು. ಅರವತ್ತು ವರ್ಷ ಹೊಳೆಯಲ್ಲಿ ಬದುಕಿದವಳು ಬರತದ, ಅಂದರೆ ನೀರೇರುವ, ಹೊತ್ತು ಮರೆತು, ಹಿಂದಿನ ಹಾದಿಯೆಲ್ಲ ನೀರಾಗಿ, ನಡುಹೊಳೆಯಲ್ಲಿ ಬೆದರುಗೊಂಬೆಯ ಹಾಗೆ ನಿಂತಿದ್ದೆ. ಬೀರಮ್ಮ ಅಣ್ಣನ ಹಳೇ ದೋಣಿ ಹಾಕಿಕೊಂಡು ಬಂದಳು, ಮುಂದೆ ಸೌದಾಮಿನಿ ಎರಡೂ ಕೈಯಲ್ಲಿ ಅಂಚು ಹಿಡಿದು ಕೂತಿದ್ದಳು. ಇಬ್ಬರೂ ಸೇರಿ ನನ್ನನ್ನು ಮೀನಿನ ಮೂಟೆಯ ಹಾಗೆ ಎಳೆದು ಹಾಕಿದರು.

"ಎಲ್ಲಿಗ್ ಹೊರಟಿದ್ಯೆ ಅತ್ತಿಗೆ?" ಎಂದಳು ಬೀರಮ್ಮ. ಹುಟ್ಟು ಹಾಕುವುದನ್ನು ನಿಲ್ಲಿಸಿದಳು. "ನನ್ನೊಬ್ಳನ್ನೇ ಬಿಟ್ಕಂಡಿ?"

ನಾನು ಬೈಗುಳಕ್ಕೆ ಕಾದಿದ್ದೆ. ಒದ್ದೆ ಕೈಯನ್ನು ಅವಳ ಮೊಣಕಾಲ ಮೇಲಿಟ್ಟೆ. ಅವಳು ಅದನ್ನು ತಳ್ಳಲಿಲ್ಲ.

ಸೌದಾಮಿನಿ ಪರದೆ ತೋರಿಸಿದಳು. ಹಸಿರು ಚುಕ್ಕೆ ಮುಂದಿನ ಕಂಬಕ್ಕೆ ಸಿಕ್ಕಿತ್ತು, ಆಗಲೇ ಕಾರವಾರ ದಾಟಿತ್ತು. ಬೆನ್ನ ಹಿಂದೆ ಗಾಳಿಯಿದೆ, ತಡವಾದರೂ ಮುಟ್ಟಬಹುದು, ಮೊಟ್ಟೆಗೆ ದಿನ ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದಳು. ಆಮೇಲೆ ಪುಸ್ತಕ ಬಿಚ್ಚಿ ಪೆನ್ನು ತೆಗೆದಳು. ಮಣಿ ಮೂಕವಾಗುವ ಮುಂಚೆ ಕೊನೆಗೆ ಬಂದದ್ದೇನು ಎಂದು ಮೇಲಿನವರಿಗೆ ಬರೆಯಬೇಕಂತೆ. ಅವಳು ಹೊಸ ಹಾಳೆ ಮಗುಚಿದಳು. ನನ್ನನ್ನು ಬಲ್ಲವಳು, ಒಂದು ಹಾಳೆ ಸಾಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಹಕ್ಕಿಗೆ ನನ್ನ ನೆನಪೇ ಇರ್ಲಿಲ್ಲ," ಎಂದೆ.

ಅವಳು ಬರೆದುಕೊಂಡು, ಮುಂದಿನದಕ್ಕೆ ಪೆನ್ನು ಎತ್ತಿಹಿಡಿದು ಕಾದಳು. ದೋಣಿ ದಡಕ್ಕೆ ತಾಗುವ ತನಕವೂ ಕಾದಳು. ನಾನು ಆ ಮಾತಿಗೆ ಏನನ್ನೂ ಸೇರಿಸಲಿಲ್ಲ.